ಶಾಲೆ ಕಟ್ಟಿದ ವಕೀಲರು: ಫ.ಗು. ಹಳಕಟ್ಟಿ

ಪ್ರೌಢಶಾಲಾ ಶಿಕ್ಷಣದ ಗುಣಮಟ್ಟದ ಮೇಲೆ ಪ್ರಭಾವ ಬೀರುವ ಅಂಶಗಳ ಬಗ್ಗೆ ನಮ್ಮ ತರಗತಿಯಲ್ಲಿ ಎಲ್ಲರೂ ನಿಯೋಜಿತ ಕಾರ್ಯ ಬರೆದಿದ್ದೇವೆ. ಶಿಕ್ಷಕರ ಅರ್ಹತೆ, ಪಠ್ಯಕ್ರಮ, ಭೌತಿಕ ಸೌಲಭ್ಯ, ಮೌಲ್ಯಮಾಪನ, ಪಾಲಕರ ಸಹಭಾಗಿತ್ವ ಎಂಬ ಪಟ್ಟಿ ಹೆಚ್ಚುಕಡಿಮೆ ಎಲ್ಲರದೂ ಒಂದೇ ಆಗಿತ್ತು. ನಾನೂ ಅದನ್ನೇ ಬರೆದು ಅಂಕ ಪಡೆದೆ. ಆಮೇಲೆ ಅಭ್ಯಾಸ ಬೋಧನೆಗೆ ಹೋದೆ. ಒಂಬತ್ತನೆಯ ತರಗತಿಗೆ ಬಲ ಮತ್ತು ಚಲನೆಯ ನಿಯಮಗಳ ಪಾಠ. ಮೊದಲ ಮೂರು ದಿನ ಮುಂದಿನ ಸಾಲಿನ ಒಬ್ಬ ಹುಡುಗ ನಾನು ಪ್ರಶ್ನೆ ಮುಗಿಸುವ ಮುನ್ನವೇ ಉತ್ತರ ಹೇಳುತ್ತಿದ್ದ. ಎತ್ತಿನ ಬಂಡಿ ತಟ್ಟನೆ ನಿಂತಾಗ ಮೇಲೆ ಕುಳಿತವರು ಮುಂದಕ್ಕೆ ವಾಲುವುದನ್ನು ಜಡತ್ವಕ್ಕೆ ಉದಾಹರಣೆಯಾಗಿ ಕೊಟ್ಟವನು ಅವನೇ. ನಾಲ್ಕನೆಯ ದಿನ ಅವನ ಜಾಗ ಖಾಲಿ. ಕೇಳಿದರೆ, ಮನೆಯವರೆಲ್ಲ ಕಬ್ಬು ಕಡಿಯಲು ಗುಳೆ ಹೋಗಿದ್ದಾರೆ ಎಂದು ಉಳಿದ ಮಕ್ಕಳು ಏನೂ ವಿಶೇಷವಿಲ್ಲವೆಂಬಂತೆ ಹೇಳಿದರು. ನನ್ನ ಪಾಠಯೋಜನೆಯಲ್ಲಿ ಉದ್ದೇಶ, ಪೂರ್ವಜ್ಞಾನ, ಬೋಧನೋಪಕರಣ ಎಲ್ಲಕ್ಕೂ ಕಲಮುಗಳಿದ್ದವು. ಇದನ್ನು ಬರೆಯುವ ಕಲಮು ಇರಲಿಲ್ಲ.

ನಮ್ಮೂರು ಭೀಮಾ ನದಿಯ ದಂಡೆಯ ದೇವಣಗಾಂವ. ಇಲ್ಲಿಯ ಮಕ್ಕಳಿಗೆ ಗುಳೆ ಹೊಸದಲ್ಲ, ನನಗೂ ಹೊಸದಲ್ಲ. ಆದರೆ ಶಿಕ್ಷಕನ ಜಾಗದಲ್ಲಿ ನಿಂತು ಆ ಖಾಲಿ ಜಾಗ ನೋಡಿದ್ದು ಅದೇ ಮೊದಲು. ಆ ವಾರ ನಾನು ಬೇರೆ ಕಾರಣಕ್ಕೆ ಓದುತ್ತಿದ್ದದ್ದು ಫ.ಗು. ಹಳಕಟ್ಟಿಯವರ ಜೀವನ. ಪ್ರಾರ್ಥನಾ ಸಭೆಯಲ್ಲಿ ಮೂರು ನಿಮಿಷ ಮಾತಾಡಲು ನಮಗೆ ಒಬ್ಬೊಬ್ಬ ಸಾಧಕರ ಹೆಸರು ಹಂಚಿದ್ದರು, ನನಗೆ ಅವರು ಬಂದಿದ್ದರು. ಜುಲೈ 2ರಂದು ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕಿ ವಚನ ಪಿತಾಮಹ ಎಂದು ಸ್ಮರಿಸುತ್ತೇವೆ. ಅವರು ಹೈಸ್ಕೂಲು ಕಟ್ಟಿದ್ದು, ಬ್ಯಾಂಕು ಕಟ್ಟಿದ್ದು ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಶಿಕ್ಷಕರಾಗಲಿರುವ ನಾವು ನಿಲ್ಲಬೇಕಾದದ್ದು ಆ ಸಾಲಿನಲ್ಲಿ ಎಂದು ನನಗೆ ಅನ್ನಿಸಿತು.

ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು ಹುಟ್ಟಿದ್ದು 1880ರ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು. ತಾಯಿ ದಾನಾದೇವಿ. ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡ ಮಗು ಅಜ್ಜಿಯ ಆರೈಕೆಯಲ್ಲಿ ಬೆಳೆಯಿತು. ಆ ಕಾಲದ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಕನ್ನಡ ಜಿಲ್ಲೆಗಳಲ್ಲೂ ಶಾಲೆ ಮತ್ತು ಕಚೇರಿಗಳಲ್ಲಿ ಮರಾಠಿಯ ಪ್ರಭಾವ ಜೋರಾಗಿತ್ತು. ಡೆಪ್ಯುಟಿ ಚೆನ್ನಬಸಪ್ಪನವರಂಥವರು ಹಿಂದಿನ ತಲೆಮಾರಿನಲ್ಲೇ ಕನ್ನಡ ಶಾಲೆಗಳಿಗಾಗಿ ದುಡಿದು ಹೋಗಿದ್ದರು. ಹುಡುಗನಿಗೆ ಹತ್ತು ವರ್ಷವಾದಾಗ, 1890ರಲ್ಲಿ, ಅದೇ ಊರಿನಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಅಂದರೆ ಮನೆಯಲ್ಲಿ ಮಾಸ್ತರರಾದ ತಂದೆ, ಬೀದಿಯಲ್ಲಿ ಕನ್ನಡದ ಚಳವಳಿ. ಮಗುವಿನ ಪರಿಸರ ಕಲಿಕೆಯ ಮೇಲೆ ಬೀರುವ ಪರಿಣಾಮವನ್ನು ನಾವು ಮನೋವಿಜ್ಞಾನದ ಪತ್ರಿಕೆಯಲ್ಲಿ ಓದುತ್ತೇವಲ್ಲ, ಇದಕ್ಕಿಂತ ಹತ್ತಿರದ ಉದಾಹರಣೆ ಹುಡುಕಬೇಕಾಗಿಲ್ಲ.

1896ರಲ್ಲಿ ಮೆಟ್ರಿಕ್ ಪಾಸಾಗಿ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜು ಸೇರಿದರು. 1901ರಲ್ಲಿ ಬಿ.ಎ., 1904ರಲ್ಲಿ ಎಲ್‌ಎಲ್.ಬಿ. ಪದವಿ. ಮುಂಬಯಿಯಲ್ಲಿ ಗುಜರಾತಿಗಳೂ ಮರಾಠಿಗರೂ ತಮ್ಮ ಭಾಷೆಗಾಗಿ, ತಮ್ಮ ಜನರ ಶಾಲೆಗಳಿಗಾಗಿ ಹಣ ಕೂಡಿಸಿ ಸಂಸ್ಥೆ ಕಟ್ಟುವುದನ್ನು ಅವರು ಕಣ್ಣಾರೆ ಕಂಡರು. ಕನ್ನಡದ ಹುಡುಗನಿಗೆ ಅದು ಅಭಿಮಾನದ ಪಾಠಕ್ಕಿಂತ ಹೆಚ್ಚಾಗಿ ಕೆಲಸ ಹೇಗೆ ನಡೆಯುತ್ತದೆ ಎಂಬುದರ ಪಾಠವಾಗಿತ್ತು ಎಂದು ನಾನು ಭಾವಿಸುತ್ತೇನೆ. ಮುಂದೆ ಅವರು ಮಾಡಿದ್ದನ್ನೆಲ್ಲ ನೋಡಿದರೆ ಭಾಷಣಕ್ಕಿಂತ ಸಂಘ, ಠೇವಣಿ, ಅಚ್ಚಿನ ಮೊಳೆ ಇಂಥವೇ ಎದುರಾಗುತ್ತವೆ.

ಕೆಲಕಾಲ ಬೆಳಗಾವಿಯಲ್ಲಿ ವಕೀಲಿ ನಡೆಸಿ ಅವರು ವಿಜಾಪುರಕ್ಕೆ ಬಂದು ನೆಲೆಸಿದರು. ಧಾರವಾಡ, ಬೆಳಗಾವಿ ಬಿಟ್ಟು ವಿಜಾಪುರಕ್ಕೆ ಬರುವುದೆಂದರೆ ಅಂದು ಏನೆಂದು ಸ್ವಲ್ಪ ಊಹಿಸಿಕೊಳ್ಳಬೇಕು. ಜಿಲ್ಲಾ ಕೇಂದ್ರ ಕಲಾದಗಿಯಿಂದ ವಿಜಾಪುರಕ್ಕೆ ಬಂದು ಆಗ ಎರಡು ದಶಕ ಕಳೆದಿತ್ತು, ಅಷ್ಟೇ. ಗೋಳಗುಮ್ಮಟದ ಊರು ಪಾಳುಬಿದ್ದ ಕಟ್ಟಡಗಳ ನಡುವೆ ಮತ್ತೆ ಬೆಳೆಯುತ್ತಿತ್ತು. ಸುತ್ತಲಿನದು ಯರೆ ಭೂಮಿ. ಮಳೆ ಬಂದರೆ ಬಿಳಿಜೋಳ, ಬಾರದಿದ್ದರೆ ಬರ. 1876ರಿಂದ 78ರವರೆಗಿನ ಭೀಕರ ಬರಗಾಲವನ್ನು ಕಂಡ ಹಿರಿಯರು ಆಗ ಊರೂರಲ್ಲೂ ಬದುಕಿದ್ದರು. ಇಂಥ ಕಡೆ ಹೈಸ್ಕೂಲು ಓದುವುದೆಂದರೆ ಹಳ್ಳಿಯ ಹುಡುಗ ಊರು ಬಿಟ್ಟು, ಯಾರದೋ ಮನೆಯಲ್ಲಿ ಉಳಿದು, ಇಂಗ್ಲಿಷಿನಲ್ಲಿ ಪಾಠ ಕೇಳಿ, ಮುಂಬಯಿ ವಿಶ್ವವಿದ್ಯಾಲಯದ ಮೆಟ್ರಿಕ್ ಪರೀಕ್ಷೆಗೆ ಕೂಡುವುದು. ಒಂದು ವರ್ಷ ಮಳೆ ತಪ್ಪಿದರೆ ಮೊದಲು ನಿಲ್ಲುವುದು ಆ ಹುಡುಗನ ಓದು.

1910ರಲ್ಲಿ ಹಳಕಟ್ಟಿಯವರು ವಿಜಾಪುರ ಜಿಲ್ಲಾ ಲಿಂಗಾಯತ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಇಂದು ನಾವೆಲ್ಲ ಬಿ.ಎಲ್.ಡಿ.ಇ. ಎಂದು ಕರೆಯುವ ಸಂಸ್ಥೆ ಅದು. ಆಗ ಅವರಿಗೆ ಮೂವತ್ತು ವರ್ಷ, ನಮಗಿಂತ ಐದಾರು ವರ್ಷ ದೊಡ್ಡವರು. ಊರ ದೈವ ಸಿದ್ಧೇಶ್ವರನ ಹೆಸರಿನಲ್ಲಿ ಶಾಲೆ ನಡೆಯಿತು, ಹೈಸ್ಕೂಲಾಗಿ ಬೆಳೆಯಿತು. ಬೆಳಗಾವಿಯಲ್ಲಿ ಏಳು ಜನ ಶಿಕ್ಷಕರು ಕೂಡಿ ಕೆ.ಎಲ್.ಇ. ಸಂಸ್ಥೆ ಕಟ್ಟಿದ್ದು 1916ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಇಲ್ಲಿ ಕೆಲಸ ಆರಂಭವಾಗಿತ್ತು. ಬೆಳಗಾವಿಯಲ್ಲಿ ಶಿಕ್ಷಕರೇ ಸಂಸ್ಥೆ ಕಟ್ಟಿದರು, ಇಲ್ಲಿ ವಕೀಲರೊಬ್ಬರು. ಈ ವ್ಯತ್ಯಾಸ ನನಗೆ ಮುಖ್ಯವೆನಿಸುತ್ತದೆ. ಶಿಕ್ಷಕ ಶಾಲೆಯನ್ನು ತರಗತಿಯ ಒಳಗಿನಿಂದ ನೋಡುತ್ತಾನೆ. ವಕೀಲರ ಮುಂದೆ ಬರುವುದು ಸಾಲ, ಹೊಲದ ತಕರಾರು, ಜಪ್ತಿ. ಹುಡುಗ ಶಾಲೆ ಬಿಡುವ ಕಾರಣಗಳು ಅವರ ಕಚೇರಿಯ ಕಟ್ಟೆಯ ಮೇಲೆ ದಿನವೂ ಬಂದು ಕೂಡುತ್ತಿದ್ದವು.

ಸಂಘದ ಹೆಸರಿನಲ್ಲಿ ಒಂದು ಸಮಾಜದ ಹೆಸರಿದೆ, ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಅಂದಿನ ಮುಂಬಯಿ ಪ್ರಾಂತದಲ್ಲಿ ಶಿಕ್ಷಣ ಸಂಸ್ಥೆಗಳು ಹೆಚ್ಚಾಗಿ ಒಂದೊಂದು ಸಮಾಜದ ದೇಣಿಗೆಯಿಂದ ಹುಟ್ಟಿದವು. ಹಣ ಕೂಡಿಸಲು ಅದು ಸುಲಭದ ದಾರಿಯಾಗಿತ್ತು. ದೇಣಿಗೆ ಕೊಡಬಲ್ಲ ಹಿರಿಯರಿಲ್ಲದ ಸಮಾಜಗಳ ಮಕ್ಕಳು ಮಾತ್ರ ಇನ್ನೂ ಬಹಳ ವರ್ಷ ಕಾಯಬೇಕಾಯಿತು. ಹಳಕಟ್ಟಿಯವರ ದೊಡ್ಡತನವನ್ನು ಒಪ್ಪುತ್ತಲೇ ಈ ಮಿತಿಯನ್ನೂ ಶಿಕ್ಷಣದ ಇತಿಹಾಸ ಓದುವ ನಾವು ಗಮನಿಸಬೇಕು.

ಸಂಘ ಸ್ಥಾಪನೆಯಾದ ಎರಡೇ ವರ್ಷಕ್ಕೆ, 1912ರಲ್ಲಿ, ಅವರು ಸಿದ್ಧೇಶ್ವರ ಸಹಕಾರಿ ಬ್ಯಾಂಕು ಆರಂಭಿಸಿದರು. ಜೀವನಚರಿತ್ರೆಗಳಲ್ಲಿ ಇದನ್ನು ಸಹಕಾರ ಕ್ಷೇತ್ರದ ಸೇವೆ ಎಂಬ ಪ್ರತ್ಯೇಕ ತಲೆಬರಹದಡಿ ಇಡುತ್ತಾರೆ. ನನಗೆ ಅದು ಶಾಲೆಯ ಕೆಲಸದ ಮುಂದುವರಿಕೆಯಾಗಿ ಕಾಣುತ್ತದೆ. ಸಹಕಾರ ಸಂಘಗಳ ಕಾಯ್ದೆ ಬಂದದ್ದು 1904ರಲ್ಲಿ, ಹಳಕಟ್ಟಿಯವರು ಕಾನೂನು ಪದವಿ ಮುಗಿಸಿದ ವರ್ಷ. ಮರುವರ್ಷವೇ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ರೈತರ ಸಹಕಾರಿ ಸಂಘ ಕಟ್ಟಿ ತೋರಿಸಿದ್ದರು. ಕಾನೂನು ಬಲ್ಲವರಿಗೆ ದಾರಿ ಕಂಡಿತ್ತು. ರೈತ ಬಿತ್ತನೆಗೆ ಸಾಹುಕಾರನಲ್ಲಿ ಸಾಲ ಮಾಡಿದರೆ ಬಡ್ಡಿ ತೀರಿಸಲು ಮನೆಯ ಎಲ್ಲ ಕೈಗಳೂ ದುಡಿಯಬೇಕು, ಹದಿಮೂರು ಹದಿನಾಲ್ಕು ವರ್ಷದ ಮಗನ ಕೈಯೂ ಅದರಲ್ಲಿ ಸೇರಿರುತ್ತದೆ. ಹೈಸ್ಕೂಲಿನ ವಯಸ್ಸು ಅದೇ. ಬಡ್ಡಿ ಇಳಿದರೆ ಆ ಎರಡು ಕೈಗಳು ಪುಸ್ತಕ ಹಿಡಿಯಬಹುದು. ಹತ್ತಿ ಬೆಳೆಗಾರರ ಮಾರಾಟ, ನೇಕಾರರ ಸಂಘಟನೆ, ಬರ ನಿವಾರಣೆಯ ಕೆಲಸ ಇವುಗಳಲ್ಲೂ ಅವರು ತೊಡಗಿದರು. ವಿಜಾಪುರಕ್ಕೆ ಕುಡಿಯುವ ನೀರು ಕೊಟ್ಟ ಭೂತನಾಳ ಕೆರೆಯ ವಿಷಯದಲ್ಲೂ ಅವರ ಹೆಸರನ್ನು ಊರಿನವರು ನೆನೆಯುತ್ತಾರೆ.

ಇಲ್ಲಿ ನಮ್ಮ ನೆರೆಯ ತಾಲೂಕಿನ ಒಂದು ಹಳೆಯ ಸಂಗತಿ ನೆನಪಾಗುತ್ತದೆ. ಇಂಡಿ ತಾಲೂಕಿನ ಸಾಲೋಟಗಿಯ ಶಾಸನ ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ್ದು, ಕ್ರಿ.ಶ. 945ರದು. ಮಂತ್ರಿ ನಾರಾಯಣನು ಅಲ್ಲಿ ವಿದ್ಯಾಶಾಲೆ ಕಟ್ಟಿಸಿದ, ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಅಲ್ಲಿಗೆ ಬರುತ್ತಿದ್ದರು. ಶಾಸನದಲ್ಲಿ ದಾನದ ವಿವರವಿದೆ. ವಿದ್ಯಾರ್ಥಿಗಳು ಉಳಿಯಲು 27 ಮನೆಗಳು, ಉಪಾಧ್ಯಾಯನ ಜೀವನಕ್ಕೆ ಭೂಮಿ, ದೀಪದ ಎಣ್ಣೆಗೆಂದೇ ಬೇರೆ ಭೂಮಿ. ಸಾವಿರ ವರ್ಷದ ಹಿಂದೆ ನಮ್ಮ ಭಾಗದಲ್ಲಿ ಶಾಲೆ ಕಟ್ಟಿದವರು ಕಟ್ಟಡದ ಜೊತೆಗೆ ವಸತಿ, ಸಂಬಳ, ಬೆಳಕು ಮೂರನ್ನೂ ಲೆಕ್ಕ ಹಾಕಿದ್ದರು. ಹಳಕಟ್ಟಿಯವರ ಕಾಲಕ್ಕೆ ಭೂಮಿ ದಾನ ಕೊಡುವ ಮಂತ್ರಿ ಇರಲಿಲ್ಲ. ಅವರು ಷೇರು ಕೂಡಿಸಿದರು.

1920ರಲ್ಲಿ ಅವರು ಮುಂಬಯಿ ವಿಧಾನ ಪರಿಷತ್ತಿಗೆ ಆಯ್ಕೆಯಾದರು. ಪುರಸಭೆ, ಸಹಕಾರಿ ಸಂಘ ಎಂದು ಸಾರ್ವಜನಿಕ ಹುದ್ದೆಗಳು ಒಂದರ ಹಿಂದೆ ಒಂದು ಬಂದವು. ರಾವ್ ಬಹಾದ್ದೂರ್ ಬಿರುದೂ ಬಂತು. ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಹೆಚ್ಚು ಬರೆಯಬೇಕಾದದ್ದು ವಚನಗಳ ಬಗ್ಗೆ, ಆದರೆ ಶಿಕ್ಷಕನ ದೃಷ್ಟಿಯಿಂದ. ಮನೆಮನೆಗಳಲ್ಲಿ ಬಿದ್ದಿದ್ದ ತಾಳೆಗರಿಗಳನ್ನು ಹಳಕಟ್ಟಿಯವರು ಕಾಣತೊಡಗಿದ್ದು 1903ರ ಸುಮಾರಿಗೆ, ಗೋಕಾಕ, ರಬಕವಿ ಕಡೆಯ ಮನೆಗಳಲ್ಲಿ. ಅಷ್ಟರಲ್ಲಿ ಅಲ್ಲೊಂದು ಇಲ್ಲೊಂದು ವಚನಗಳು ಅಚ್ಚಾಗಿದ್ದವು. ಹೆಚ್ಚಿನವು ಜಗಲಿಯ ಮೇಲೆ ಬಟ್ಟೆ ಸುತ್ತಿಕೊಂಡು ವಿಭೂತಿ, ಹೂವು ಏರಿಸಿಕೊಳ್ಳುತ್ತಿದ್ದವು. ಪೂಜೆಯಾಗುತ್ತಿತ್ತು, ಓದಾಗುತ್ತಿರಲಿಲ್ಲ. ಅವನ್ನು ಕೇಳಿ ತರುವುದು, ಕೊಡದಿದ್ದರೆ ಅಲ್ಲೇ ಕುಳಿತು ನಕಲು ಮಾಡುವುದು, ಒಂದೇ ವಚನದ ಬೇರೆ ಬೇರೆ ಪ್ರತಿಗಳನ್ನು ಹೋಲಿಸುವುದು, ತಪ್ಪು ತಿದ್ದುವುದು, ವಿಷಯವಾರು ಜೋಡಿಸುವುದು ಇಷ್ಟೂ ಕೆಲಸ ಕೋರ್ಟಿನ ಕೆಲಸದ ಜೊತೆಗೇ ವರ್ಷಗಟ್ಟಲೆ ನಡೆಯಿತು. ಕೂಡಿಬಂದ ಹಸ್ತಪ್ರತಿಗಳು ಸಾವಿರದ ಸಂಖ್ಯೆ ಮುಟ್ಟಿದವು. ಅವರಿಗಿಂತ ಮೊದಲು ಸುಮಾರು 50 ವಚನಕಾರರ ಹೆಸರು ಮಾತ್ರ ಗೊತ್ತಿತ್ತು, ಅವರ ಶೋಧದ ನಂತರ ಅದು 250ರಷ್ಟಾಯಿತು ಎಂದು ಹೇಳುವುದುಂಟು. ವಿಜ್ಞಾನ ಓದಿದ ನನಗೆ ಇದು ಪ್ರಯೋಗಾಲಯದ ಕೆಲಸದಂತೆಯೇ ಕಾಣುತ್ತದೆ. ಒಂದು ಅಳತೆಯನ್ನು ನಂಬದೆ ಮೂರು ಸಲ ಅಳೆದು ಹೋಲಿಸಿ ನೋಡುವ ಅದೇ ಶಿಸ್ತು ಇಲ್ಲಿಯೂ ಇದೆ.

ವಚನಶಾಸ್ತ್ರಸಾರದ ಮೊದಲ ಭಾಗ ಅಚ್ಚಾಗುವುದೇ ಒಂದು ಕಥೆ. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದ ಹಸ್ತಪ್ರತಿ ಅಚ್ಚಾಗದೆ ಮರಳಿ ಬಂತು. ಕೊನೆಗೆ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಪುಸ್ತಕ ಹೊರಬಂತು. ಇನ್ನೊಬ್ಬರ ಮುದ್ರಣಾಲಯ ನಂಬಿಕೊಂಡರೆ ಕೆಲಸ ಸಾಗದು ಎಂದು ಅವರಿಗೆ ಆಗ ಖಚಿತವಾಗಿರಬೇಕು. ವಿಜಾಪುರದ ಸ್ವಂತ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಆರಂಭಿಸಿದರು. ಹೆಂಡತಿ ಭಾಗೀರಥಿಬಾಯಿಯವರೂ ಮಕ್ಕಳೂ ಅಲ್ಲಿಂದ ಮುಂದೆ ಬಾಡಿಗೆ ಮನೆಯಲ್ಲಿ ಬದುಕಿದರು. ಮನೆ ಮಾರಿದ ಸಂಗತಿಯನ್ನು ನಾವು ತ್ಯಾಗ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತೇವೆ. ಆ ತ್ಯಾಗದಲ್ಲಿ ಮನೆಯವರ ಪಾಲು ಎಷ್ಟಿತ್ತೆಂದು ಯಾರೂ ಬರೆದಂತಿಲ್ಲ.

1926ರಲ್ಲಿ ಶಿವಾನುಭವ ಪತ್ರಿಕೆ, 1927ರಲ್ಲಿ ನವಕರ್ನಾಟಕ ವಾರಪತ್ರಿಕೆ. ಅದೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷತೆ. ಶಿವಾನುಭವವನ್ನು ಮೂರು ದಶಕಗಳಿಗೂ ಮಿಕ್ಕಿ ನಡೆಸಿದರು. ಲೇಖನ ಬರೆಯುವುದು, ಅಚ್ಚಿನ ಕರಡು ತಿದ್ದುವುದು, ಚಂದಾದಾರರ ಲೆಕ್ಕ ಇಡುವುದು ಬಹುಪಾಲು ಅವರೇ. ವಕೀಲಿ ಹಿಂದೆ ಬಿತ್ತು, ಹಣದ ಅಡಚಣೆ ಮುಂದೆ ಬಂತು. ಮಾಸಿದ ಕೋಟು, ಹಳೆಯ ಸೈಕಲ್ಲು ಇವೇ ಅವರ ಗುರುತಾಗಿದ್ದವು ಎಂದು ಹಿರಿಯರು ಹೇಳುತ್ತಾರೆ.

ಈಗ ತರಗತಿಗೆ ಬರೋಣ. ಇಂದು ಶಾಲೆಯ ಕನ್ನಡ ಪುಸ್ತಕಗಳಲ್ಲಿ ಬಸವಣ್ಣ, ಅಕ್ಕಮಹಾದೇವಿ, ಅಲ್ಲಮರು ಸಹಜವಾಗಿ ಬರುತ್ತಾರೆ. ನಮ್ಮ ಮಕ್ಕಳಿಗೆ ಅವರು ಮನೆಯ ಹಿರಿಯರಂತೆ. ಬಸವಣ್ಣನ ಬಾಗೇವಾಡಿ ನಮ್ಮ ಜಿಲ್ಲೆಯದೇ. ಆದರೆ ಹಳಕಟ್ಟಿಯವರು ಓದಿದ ಹೈಸ್ಕೂಲಿನ ಕಾಲದಲ್ಲಿ ಹುಡುಗನೊಬ್ಬ ಮೆಟ್ರಿಕ್ ಮುಗಿಸುವವರೆಗೆ ಇಂಗ್ಲಿಷ್ ಪದ್ಯಗಳನ್ನು ಬಾಯಿಪಾಠ ಮಾಡಿಯೂ ತನ್ನ ಊರಿನ ಪಕ್ಕದಲ್ಲಿ ಹುಟ್ಟಿದವರ ಮಾತನ್ನು ಅಚ್ಚಿನಲ್ಲಿ ಕಾಣದೆ ಹೋಗಬಹುದಿತ್ತು. ಪಠ್ಯದ ಭಾಷೆ ಮನೆಯ ಭಾಷೆಯಿಂದ ಎಷ್ಟು ದೂರವಿದ್ದರೆ ಮಗು ಅಷ್ಟು ಮೌನಿಯಾಗುತ್ತದೆ. ಇದನ್ನು ನಾನು ಜಡತ್ವದ ಪಾಠದಲ್ಲಿ ಕಂಡೆ. ಪುಸ್ತಕದ ವಾಕ್ಯ ಓದಿಸಿದಾಗ ತರಗತಿ ಸುಮ್ಮನಿತ್ತು, ಬಂಡಿ ಬಂದೊಡನೆ ಹತ್ತು ಕೈ ಮೇಲೆದ್ದವು. ಹಳಕಟ್ಟಿಯವರು ಜಗಲಿಯ ಮೇಲಿನ ಕನ್ನಡವನ್ನು ಅಚ್ಚಿಗೆ ತಂದದ್ದರಿಂದ ಮುಂದಿನ ಪಠ್ಯಪುಸ್ತಕ ರಚಿಸುವವರಿಗೆ ಆರಿಸಿಕೊಳ್ಳಲು ಸರಳವಾದ, ಚಿಕ್ಕದಾದ, ಮಕ್ಕಳ ಬಾಯಿಗೆ ಒಗ್ಗುವ ಗದ್ಯ ಸಿಕ್ಕಿತು. ಅವರು ಪಠ್ಯಪುಸ್ತಕ ಬರೆಯಲೆಂದು ಹೊರಟವರಲ್ಲ. ಆದರೂ ಕನ್ನಡ ಪಠ್ಯಕ್ರಮದ ಮೇಲೆ ಅವರಷ್ಟು ಪ್ರಭಾವ ಬೀರಿದವರು ಕಡಿಮೆ.

ಇಷ್ಟರ ನಡುವೆ ಶಾಲೆ ಏನಾಯಿತು? ಇದು ನನ್ನನ್ನು ಕಾಡಿದ ಪ್ರಶ್ನೆ. ಅವರ ದಿನಗಳು ವಚನಕ್ಕೆ ಹೋದಂತೆ ಸಂಸ್ಥೆಯ ನಿತ್ಯದ ಭಾರ ಬೇರೆಯವರ ಹೆಗಲಿಗೆ ಹೋಯಿತು. ಇಂಡಿ ತಾಲೂಕಿನ ಬಂಥನಾಳದ ಸಂಗನಬಸವ ಶಿವಯೋಗಿಗಳು ಹಳ್ಳಿ ಹಳ್ಳಿ ತಿರುಗಿ ಕಾಣಿಕೆ ಕೂಡಿಸಿ ಸಂಸ್ಥೆಯನ್ನು ಬೆಳೆಸಿದರು. 1945ರಲ್ಲಿ ಕಾಲೇಜು ಬಂತು. ಹೈಸ್ಕೂಲು ಮುಗಿಸಿದ ವಿಜಾಪುರದ ಹುಡುಗ ಧಾರವಾಡಕ್ಕೋ ಸಾಂಗಲಿಗೋ ಸೋಲಾಪುರಕ್ಕೋ ಹೋಗದೆ ಊರಲ್ಲೇ ಮುಂದೆ ಓದುವುದು ಆಗ ಸಾಧ್ಯವಾಯಿತು. ಕಟ್ಟಿದವರೇ ಕೊನೆಯವರೆಗೆ ಹಿಡಿದು ಕೂಡದೆ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ದರಿಂದ ಸಂಸ್ಥೆ ಉಳಿಯಿತು ಎಂದು ಹೇಳಬಹುದು. ಮಾರ್ಗದರ್ಶಕ ಶಿಕ್ಷಕರೊಬ್ಬರು ಇದಕ್ಕೆ ಒಪ್ಪಲಿಲ್ಲ. ಹಳಕಟ್ಟಿಯವರಂಥವರು ಶಾಲೆಯಲ್ಲೇ ಉಳಿದಿದ್ದರೆ ನಮ್ಮ ಜಿಲ್ಲೆಯ ಪ್ರೌಢಶಾಲೆಗಳ ಚರಿತ್ರೆ ಬೇರೆಯಾಗಿರುತ್ತಿತ್ತು ಎಂದು ಅವರ ವಾದ. ನಾವಿಬ್ಬರೂ ಊಟದ ಬಿಡುವಿನಲ್ಲಿ ಇದನ್ನೇ ಎರಡು ದಿನ ಚರ್ಚಿಸಿದೆವು, ತೀರ್ಮಾನ ಆಗಲಿಲ್ಲ.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. ಅದೇ ವರ್ಷ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಿಂದ ಬಿಡಿಸಿಕೊಂಡು ಕನ್ನಡ ನಾಡನ್ನು ಸೇರಿತು. ಮಾಸ್ತರರ ಮಗನಾಗಿ ಧಾರವಾಡದಲ್ಲಿ ಹುಟ್ಟಿದವರು ಆ ದಿನ ನೋಡಲು ಬದುಕಿದ್ದರು. ಕಣ್ಣು ಮಂದವಾದ ಮೇಲೂ ಪ್ರತಿಗಳ ಕೆಲಸ ಬಿಡಲಿಲ್ಲ ಎನ್ನುತ್ತಾರೆ. 1964ರ ಜೂನ್ 29ರಂದು ತೀರಿಕೊಂಡರು, ಎಂಬತ್ತನಾಲ್ಕು ತುಂಬಲು ಮೂರು ದಿನ ಬಾಕಿಯಿತ್ತು. ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜು ವಿಜಯಪುರದಲ್ಲಿದೆ, ಸಂಶೋಧನ ಕೇಂದ್ರವೂ ಇದೆ. ನಮ್ಮ ಮಹಾವಿದ್ಯಾಲಯದ ಶೈಕ್ಷಣಿಕ ಪ್ರವಾಸದ ಪಟ್ಟಿಯಲ್ಲಿ ಗೋಳಗುಮ್ಮಟ, ಇಬ್ರಾಹಿಂ ರೋಜಾ ಪ್ರತಿ ವರ್ಷ ಇರುತ್ತವೆ. ಈ ಸಲ ಆ ಸಂಶೋಧನ ಕೇಂದ್ರವನ್ನೂ ಸೇರಿಸಬೇಕೆಂದು ನಾವು ಕೆಲವರು ಅರ್ಜಿ ಕೊಟ್ಟಿದ್ದೇವೆ.

ಪ್ರಾರ್ಥನಾ ಸಭೆಯಲ್ಲಿ ನನಗೆ ಸಿಕ್ಕ ಮೂರು ನಿಮಿಷದಲ್ಲಿ ಬ್ಯಾಂಕಿನ ಕಥೆಯನ್ನೇ ಹೇಳಿದೆ. ವಚನದ ಬಗ್ಗೆ ಯಾಕೆ ಹೇಳಲಿಲ್ಲ ಎಂದು ಒಬ್ಬ ಹುಡುಗಿ ಆಮೇಲೆ ಕೇಳಿದಳು, ಅವಳಿಗೆ ಎರಡು ದಿನ ಬಿಟ್ಟು ಉತ್ತರ ಕೊಟ್ಟೆ. ಕಬ್ಬಿಗೆ ಹೋದ ಹುಡುಗ ನನ್ನ ಅಭ್ಯಾಸ ಬೋಧನೆ ಮುಗಿಯುವವರೆಗೆ ಮರಳಲಿಲ್ಲ. ಅವನಿಗಾಗಿ ಮೂರೂ ನಿಯಮಗಳನ್ನು, ಬಂಡಿಯ ಉದಾಹರಣೆ ಸಮೇತ, ನಾಲ್ಕು ಪುಟಗಳಲ್ಲಿ ಸರಳವಾಗಿ ಬರೆದು ಅವನ ಗೆಳೆಯನ ಕೈಗೆ ಕೊಟ್ಟು ಬಂದಿದ್ದೇನೆ.